ಕಲ್ಯಾಣದ ನುಡಿಗಳು

ನಾಡಿನ ಸ್ವತ್ವವು ಒಂದೇ ನುಡಿಯಲ್ಲಿ ನೆಲಸಿರುವುದೆಂಬ ಭಾವನೆ ನಮ್ಮ ವಿಮರ್ಶೆಯಲ್ಲಿ ಆಗಾಗ ತಲೆದೋರುತ್ತದೆ. ಬಸವಕಲ್ಯಾಣದ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕಾಶ್ಮೀರದ ಬಿಲ್ಹಣನು 'ವಿಕ್ರಮಾಂಕದೇವಚರಿತ'ವನ್ನೂ ವಿಜ್ಞಾನೇಶ್ವರನು 'ಮಿತಾಕ್ಷರಾ' ವ್ಯಾಖ್ಯಾನವನ್ನೂ ರಚಿಸಿದುದು ಸಂಸ್ಕೃತದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಶರಣರು ಆಡುಗನ್ನಡವನ್ನು ತತ್ತ್ವಚಿಂತನೆಯ ವಾಹಕವನ್ನಾಗಿ ಮಾಡಿದರು. ಏಳು ಶತಮಾನಗಳ ತರುವಾಯ, ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿದ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ರಚಿಸಿದರು.

ಹಾಗೆಂದು ಎಲ್ಲ ನುಡಿಗಳೂ ಒಂದೇ ಕಾರ್ಯವನ್ನು ಮಾಡಿದುವೆನ್ನಲಾಗದು. ಬಿಲ್ಹಣನ ಕಾವ್ಯ ಅರಸನ ಕೀರ್ತಿಯನ್ನು ಬಣ್ಣಿಸಿತು. ವಚನವು ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಇವರಿಗೆ ಮಾತಿನ ಅಧಿಕಾರವಿತ್ತಿತು. ವಚನದ ಹಿರಿಮೆ ಅದರ ಕನ್ನಡತನದಲ್ಲಿ ಮಾತ್ರವಿಲ್ಲ. ಯಾರು ಮಾತನಾಡಬಹುದೆಂಬ ಪ್ರಶ್ನೆಗೆ ಅದಿತ್ತ ಉತ್ತರದಲ್ಲಿದೆ. ಹಿಂದೂ ಮುಸಲ್ಮಾನರಿಬ್ಬರನ್ನೂ ತನ್ನೆಡೆಗೆ ಕರೆದ ಮಾಣಿಕಪ್ರಭುಗಳ ಪದಗಳನ್ನೂ ಇದೇ ಅಳತೆಗೋಲಿನಿಂದ ತೂಗಬೇಕು.

ಫಿಲಿಪ್ಪೀನ್ಸಿನ ಹೊಸೆ ರಿಸಾಲನು 'ನೋಲಿ ಮೆ ತಾಂಗೆರೆ' (1887) ಕಾದಂಬರಿಯನ್ನು ಆಳುವವರ ಸ್ಪ್ಯಾನಿಷಿನಲ್ಲಿಯೇ ಬರೆದನು. ಆದರೂ ಆ ಜನತೆ ಅದರಲ್ಲಿ ತನ್ನ ಬೇಗೆಯನ್ನು ಕಂಡು, ಅದನ್ನು ತನ್ನ ಕೃತಿಯೆಂದೇ ಗಣಿಸಿತು.

ನಿಜಾಮರ ಆಳ್ವಿಕೆಯಿಂದ 1948ರಲ್ಲಿ ಹೊರಬಂದ ಈ ಸೀಮೆ 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು; 2019ರಲ್ಲಿ ಈ ಭಾಗಕ್ಕೆ 'ಕಲ್ಯಾಣ ಕರ್ನಾಟಕ'ವೆಂಬ ಹೆಸರಾಯಿತು. ಹೆಸರು ಉಚಿತವೇ. ಆದರೆ ಮಾಣಿಕಪ್ರಭುಗಳ ಮರಾಠಿ ಪದಗಳನ್ನು ಪರನುಡಿಯವೆಂದು ಹೊರಗಿಟ್ಟರೆ, ನಮ್ಮ ಸಾಹಿತ್ಯಚರಿತ್ರೆಯಲ್ಲಿ ಉಳಿಯುವುದು ಕಲ್ಯಾಣದ ಹೆಸರು ಮಾತ್ರ, ಕಲ್ಯಾಣವಲ್ಲ.