ಒಂದು ರನ್ನಿಗೆ ಡಿಕ್ಲೇರ್

ಲೀಗ್ ಪದ್ಧತಿಯ ಪಂದ್ಯಾವಳಿಗಳಲ್ಲಿ, ಮುಂದಿನ ಹಂತವನ್ನು ಹೆಚ್ಚುಕಡಿಮೆ ತಲುಪಿಯೇಬಿಟ್ಟಿರುವ ತಂಡವೊಂದು ತನ್ನ ಕೊನೆಯ ಪಂದ್ಯವನ್ನು ಆಡುವ ರೀತಿಯಿಂದ ಅದರ ನಾಯಕನ ಸ್ವಭಾವವು ನಮಗೆ ತಿಳಿದುಬರುವಷ್ಟು ಸ್ಪಷ್ಟವಾಗಿ ಫೈನಲ್ ಪಂದ್ಯದಿಂದಲೂ ತಿಳಿದುಬರಲಾರದು; ಏಕೆಂದರೆ ಫೈನಲಿನಲ್ಲಿ ಗೆಲ್ಲುವುದೊಂದೇ ದಾರಿ, ಇಲ್ಲಿಯಾದರೋ ಗೆಲ್ಲಬಹುದು, ಹೊಸಬರನ್ನು ಕಣಕ್ಕಿಳಿಸಿ ಪರೀಕ್ಷಿಸಬಹುದು, ಸೋತರೇನು ನಷ್ಟವೆಂದು ಕೈಚೆಲ್ಲಬಹುದು, ಅಥವಾ ಸೋಲನ್ನೇ ಲೆಕ್ಕ ಹಾಕಿ ಬರಮಾಡಿಕೊಳ್ಳಬಹುದು. ಈ ಕಡೆಯ ಮಾರ್ಗದಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಯ ನಾಯಕ ಬ್ರಯನ್ ರೋಸ್ ನಡೆದಷ್ಟು ದೂರ ನಡೆದವರನ್ನು ನಾನರಿಯೆ. 1979ರ ಮೇ 24ರಂದು ವುಸ್ಟರ್ ಮೈದಾನದಲ್ಲಿ ಆತನು ಕೈಗೊಂಡ ನಿರ್ಧಾರವನ್ನು ಕ್ರೀಡಾಧರ್ಮದ ಹೆಸರಿನಲ್ಲಿ ಖಂಡಿಸಿದವರು ಬಹುಮಂದಿ. ಧರ್ಮಾಧರ್ಮಗಳ ವಿಚಾರವನ್ನು ಅವರಿಗೇ ಬಿಟ್ಟು, ಅದು ತಂತ್ರವೆಂಬ ದೃಷ್ಟಿಯಿಂದಲಾದರೂ ಸಮರ್ಪಕವಾಗಿತ್ತೇ ಎಂಬುದನ್ನು ಇಲ್ಲಿ ವಿವೇಚಿಸಬೇಕೆಂದಿದ್ದೇನೆ.

ಆ ಪಂದ್ಯ ನಡೆದದ್ದು ಬೆನ್ಸನ್ ಅಂಡ್ ಹೆಜಸ್ ಕಪ್ಪಿನಲ್ಲಿ; ಅದು ಆಗ 55 ಓವರುಗಳ ಸ್ಪರ್ಧೆಯಾಗಿತ್ತು. ಐದೈದು ತಂಡಗಳ ನಾಲ್ಕು ಗುಂಪುಗಳು, ಪ್ರತಿಯೊಂದು ಗುಂಪಿನಿಂದಲೂ ಎರಡೆರಡು ತಂಡಗಳಿಗೆ ಕ್ವಾರ್ಟರ್ ಫೈನಲ್ ಪ್ರವೇಶ. ಸಾಮರ್‌ಸೆಟ್ ತಾನಾಡಿದ ಮೂರು ಪಂದ್ಯಗಳನ್ನೂ ಗೆದ್ದು 9 ಅಂಕ ಗಳಿಸಿ ಗುಂಪಿನ ಅಗ್ರಸ್ಥಾನದಲ್ಲಿತ್ತು. ವುಸ್ಟರ್‌ಷೈರಿಗೆ ತಾನು ಸೋತು, ಅತ್ತ ಗ್ಲಾಮೋರ್ಗನ್ ತನ್ನ ಪಂದ್ಯವನ್ನು ಗೆದ್ದದ್ದೇ ಆದರೆ ಮೂರು ತಂಡಗಳೂ 9 ಅಂಕಗಳಲ್ಲಿ ಸರಿಸಮವಾಗುತ್ತಿದ್ದುವು. ಆಗ ಅನ್ವಯಿಸುತ್ತಿದ್ದುದು ಇಂದಿನ ಓದುಗರಿಗೆ ಚಿರಪರಿಚಿತವಾದ ನೆಟ್ ರನ್ ರೇಟ್ ಅಲ್ಲ; ಒಂದೊಂದು ವಿಕೆಟ್ ಕೀಳಲು ಆಯಾ ತಂಡದ ಬೌಲರುಗಳು ಸರಾಸರಿ ಎಷ್ಟು ಎಸೆತಗಳನ್ನು ತೆಗೆದುಕೊಂಡಿದ್ದಾರೆ ಎಂಬ ಲೆಕ್ಕ. ಆ ಲೆಕ್ಕದಲ್ಲಿ ಸಾಮರ್‌ಸೆಟ್ ಮುಂದಿತ್ತು. ಆದಕಾರಣ ರೋಸನ ತರ್ಕ ಹೀಗೆ ಸಾಗಿತು: ಎದುರಾಳಿಗೆ ನಾವು ಹೆಚ್ಚು ಎಸೆತಗಳನ್ನು ಹಾಕದಿದ್ದರೆ ನಮ್ಮ ಸರಾಸರಿ ಕೆಡುವಂತಿಲ್ಲ, ನಮ್ಮ ವಿಕೆಟುಗಳನ್ನು ಅವರಿಗೆ ಕೊಡದಿದ್ದರೆ ಅವರ ಸರಾಸರಿ ಸುಧಾರಿಸುವಂತಿಲ್ಲ, ಅಂದಮೇಲೆ, ಸೋತರೂ ಸರಿಯೆ, ಪಂದ್ಯ ಬೇಗ ಮುಗಿದರೆ ನಾವು ಕ್ಷೇಮ.

ಮಳೆಯ ಕಾರಣ ಒಂದು ದಿನ ತಡವಾಗಿ ಪಂದ್ಯವು ಆರಂಭವಾಯಿತು. ರೋಸ್, ತನ್ನೊಡನೆ ಪೀಟರ್ ಡೆನಿಂಗನನ್ನು ಕರೆದುಕೊಂಡು, ತಾನೇ ಮೊದಲು ಬ್ಯಾಟಿಂಗಿಗೆ ಇಳಿದನು. ವೆಸ್ಟ್ ಇಂಡೀಸಿನ ವೇಗದ ಬೌಲರ್ ವ್ಯಾನ್‌ಬರ್ನ್ ಹೋಲ್ಡರ್ ಒಂದು ಓವರ್ ಹಾಕಿದನು. ಅದರಲ್ಲಿ ಬಂದದ್ದು ಒಂದೇ ರನ್, ಅದೂ ಬ್ಯಾಟಿಗೆ ತಾಗಿ ಬಂದದ್ದಲ್ಲ, ನೋಬಾಲಿನಿಂದ ಬಂದದ್ದು. ಓವರು ಮುಗಿಯುತ್ತಲೇ ರೋಸ್ ಇನಿಂಗ್ಸನ್ನು ಡಿಕ್ಲೇರ್ ಮಾಡಿ ಪೆವಿಲಿಯನ್ನಿನತ್ತ ನಡೆದನು. ಗೆಲುವಿಗೆ ಬೇಕಾಗಿದ್ದ ಎರಡು ರನ್ನುಗಳನ್ನು ವುಸ್ಟರ್‌ಷೈರಿನ ಗ್ಲೆನ್ ಟರ್ನರ್, ಒಂದೊಂದಾಗಿ ಓಡಿ, ಹತ್ತು ಎಸೆತಗಳಲ್ಲಿ ಪೂರೈಸಿದನು. ಎರಡು ಇನಿಂಗ್ಸಿನ ನಡುವಣ ವಿರಾಮವನ್ನೂ ಸೇರಿಸಿ ಎಲ್ಲವೂ ಇಪ್ಪತ್ತು ನಿಮಿಷಗಳೊಳಗೆ ಮುಗಿದುಹೋಯಿತು. ಹಣ ತೆತ್ತು ಬಂದು ಕುಳಿತಿದ್ದ ನೂರರಷ್ಟು ಪ್ರೇಕ್ಷಕರಿಗೆ ಆತಿಥೇಯ ಕೌಂಟಿಯವರು ಟಿಕೆಟ್ಟಿನ ಹಣವನ್ನು ಹಿಂದಿರುಗಿಸಿದರು.

ಗಣಿತವೆಂದು ನೋಡಿದರೆ ಇದರಲ್ಲಿ ದೋಷವಿಲ್ಲ. ಬ್ಯಾಟಿಂಗ್ ಮಾಡುವ ತಂಡದ ನಾಯಕನು ಯಾವಾಗ ಬೇಕಾದರೂ ಡಿಕ್ಲೇರ್ ಮಾಡಬಹುದೆಂಬುದು ಆಟದ ಸಾಮಾನ್ಯ ನಿಯಮ; ಮೂರು ದಿನದ ಆಟಕ್ಕೆಂದು ಹುಟ್ಟಿದ ಆ ಅವಕಾಶವನ್ನು ಒಂದು ದಿನದ ಆಟದಿಂದ ತೆಗೆದುಹಾಕಬೇಕೆಂದು ಅದುವರೆಗೆ ಯಾರಿಗೂ ತೋರಿರಲಿಲ್ಲ. ನಿಯಮಾವಳಿಯನ್ನು ಅಷ್ಟು ಸೂಕ್ಷ್ಮವಾಗಿ ಓದಿದ ನಾಯಕನ ಬುದ್ಧಿಯನ್ನು, ಒಲ್ಲದ ಮನಸ್ಸಿನಿಂದಲಾದರೂ, ಮೆಚ್ಚಲೇಬೇಕು. ಆದರೆ ಅಪಾಯವನ್ನು ತೂಗುವವನು ಅದರ ಪರಿಣಾಮವನ್ನಷ್ಟೇ ಅಲ್ಲ, ಸಂಭವವನ್ನೂ ತೂಗಬೇಕಷ್ಟೆ. ಸಾಮರ್‌ಸೆಟ್ ಹೊರಬೀಳಬೇಕಾಗಿದ್ದರೆ ಅದು ಈ ಪಂದ್ಯವನ್ನು ಸೋಲಬೇಕು, ಗ್ಲಾಮೋರ್ಗನ್ ಗೆಲ್ಲಬೇಕು, ಅಷ್ಟಾದಮೇಲೂ ಎಸೆತಗಳ ಲೆಕ್ಕದಲ್ಲಿ ಎರಡು ತಂಡಗಳಿಗೂ ಅದು ಹಿಂದಾಗಬೇಕು. ಇಷ್ಟೂ ಒಟ್ಟುಗೂಡಿ ಬಂದೀತೆಂದು ಅಂಜಿ ಆಟವನ್ನೇ ಇಲ್ಲವಾಗಿಸಿದ್ದು, ನೆಗಡಿಯಾದೀತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಅದೂ ವಿವಿಯನ್ ರಿಚರ್ಡ್ಸ್, ಇಯಾನ್ ಬೋತಮ್, ಜೋಯೆಲ್ ಗಾರ್ನರ್ ಇವರಂಥ ಆಟಗಾರರು ತನ್ನ ಕೌಂಟಿಯಲ್ಲಿದ್ದ ನಾಯಕನಿಗೆ! ವಿಕೆಟ್ ಕೀಳುವುದರಲ್ಲಿಯೇ ಗುಂಪಿಗೆಲ್ಲ ಮೊದಲಿಗರಾಗಿದ್ದ ಬೌಲರುಗಳನ್ನು, ಅವರ ಆ ಹಿರಿಮೆಯನ್ನು ಕಾಪಾಡುವ ಸಲುವಾಗಿಯೇ, ಬೌಲ್ ಮಾಡದಂತೆ ತಡೆದದ್ದು ಎಂಥ ವಿಪರ್ಯಾಸ! ತನ್ನ ಸರಾಸರಿಯ ಮೇಲಿಟ್ಟ ನಂಬಿಕೆಯನ್ನು ಆತನು ಆ ಸರಾಸರಿಯನ್ನು ಸಂಪಾದಿಸಿಕೊಟ್ಟ ತೋಳುಗಳ ಮೇಲೆ ಇಡಲಿಲ್ಲ. ಈ ತಂತ್ರದ ಮುಖ್ಯ ದೋಷವಿರುವುದು ಇಲ್ಲಿ ಎಂದು ನನ್ನ ಮತ.

ಕ್ರಿಕೆಟ್ ಮಂಡಳಿಯವರ ವರ್ತನೆಯೂ ನಿಷ್ಕಳಂಕವಾದುದಲ್ಲ. ಜೂನ್ 1ರಂದು ಲಾರ್ಡ್ಸಿನಲ್ಲಿ ಸಭೆ ಸೇರಿ, ಸಾಮರ್‌ಸೆಟ್ಟಿನ ನಡತೆಯಿಂದ ಆಟಕ್ಕೆ ಅಪಕೀರ್ತಿ ಬಂದಿತೆಂದು ನಿರ್ಣಯಿಸಿ, 17 ಮತಗಳಿಗೆ ವಿರೋಧವಾಗಿ ಒಂದೇ ಮತ ಬೀಳಲಾಗಿ, ಅದನ್ನು ಆ ವರ್ಷದ ಸ್ಪರ್ಧೆಯಿಂದಲೇ ಉಚ್ಚಾಟಿಸಿದರು. ಅದರ ಸ್ಥಾನ ಗ್ಲಾಮೋರ್ಗನ್ನಿಗೆ ದೊರೆಯಿತು. ಬೌಲ್ ಮಾಡದೆ ಕುಳಿತವನಿಗೆ ಲಾಭವಾಗುವಂಥ ಅಳತೆಗೋಲನ್ನು ನಿರ್ಮಿಸಿದವರು ಯಾರು ಎಂಬ ಪ್ರಶ್ನೆ ಆ ಸಭೆಯಲ್ಲಿ ಯಾರನ್ನಾದರೂ ಬಾಧಿಸಿತೋ ಇಲ್ಲವೋ ದೇವರೇ ಬಲ್ಲ. ಒಂದು ದಿನದ ಪಂದ್ಯಗಳಲ್ಲಿ ಡಿಕ್ಲೇರ್ ಮಾಡಕೂಡದೆಂದು ಅವರು ಆಮೇಲೆ ಮಾಡಿದ ನಿಯಮವು, ಹಿಂದಿನ ನಿಯಮದಲ್ಲಿ ಕೊರತೆಯಿತ್ತೆಂಬುದನ್ನು ಒಪ್ಪಿಕೊಂಡಂತೆಯೇ ಸರಿ.

ಇಪ್ಪತ್ತು ವರ್ಷಗಳ ತರುವಾಯ, 1999ರ ವಿಶ್ವಕಪ್ಪಿನಲ್ಲಿ, ಆಸ್ಟ್ರೇಲಿಯಾದ ನಾಯಕ ಸ್ಟೀವ್ ವಾ ಇದೇ ಜಾತಿಯ ಲೆಕ್ಕವೊಂದನ್ನು ಹಾಕಿದನು. ಮೇ 30ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ ಮೆಗ್ರಾ 14 ರನ್ನಿಗೆ 5 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು 110ಕ್ಕೆ ಉರುಳಿಸಿದ ಮೇಲೆ, ಆ ಅಲ್ಪ ಗುರಿಯನ್ನು ಮುಟ್ಟಲು ಆಸ್ಟ್ರೇಲಿಯಾ 40.4 ಓವರುಗಳನ್ನು ತೆಗೆದುಕೊಂಡಿತು. ವಾ 73 ಎಸೆತಗಳಲ್ಲಿ 19, ಬೆವನ್ 69 ಎಸೆತಗಳಲ್ಲಿ 20. ನ್ಯೂಜಿಲೆಂಡಿನ ಬದಲು ವೆಸ್ಟ್ ಇಂಡೀಸೇ ಮುಂದಿನ ಹಂತವಾದ ಸೂಪರ್ ಸಿಕ್ಸ್ ಸೇರಿದರೆ ಅದರ ಮೇಲಿನ ಗೆಲುವಿನ ಅಂಕಗಳು ತಮ್ಮ ಜೊತೆಗೇ ಬರುತ್ತವೆಂದೂ, ನಿಧಾನವಾಗಿ ಗೆದ್ದರೆ ಸೋತವರ ರನ್ ರೇಟ್ ಅಷ್ಟರಮಟ್ಟಿಗೆ ಉಳಿಯುತ್ತದೆಂದೂ ಆತನ ಎಣಿಕೆ. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಮರುದಿನವೇ ನ್ಯೂಜಿಲೆಂಡ್ ಸ್ಕಾಟ್ಲೆಂಡನ್ನು 121ಕ್ಕೆ ಕೆಡವಿ, ಗುರಿಯನ್ನು 17.5 ಓವರುಗಳಲ್ಲಿ ಮುಟ್ಟಿ, ವಾನ ಎಣಿಕೆಯನ್ನೆಲ್ಲ ತಲೆಕೆಳಗು ಮಾಡಿತು. ಮೂರನೆಯವರ ಕೈಯಲ್ಲಿದ್ದ ಫಲಕ್ಕಾಗಿ ಹೂಡಿದ ಈ ತಂತ್ರವು ದುರ್ಬಲವೇ. ಆದರೂ ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ವಾನ ಪಕ್ಷವನ್ನೇ ಹಿಡಿಯುವೆನು. ಆತನ ಆಮೆನಡಿಗೆಯಲ್ಲಿಯೂ ಬೌಲರನೊಬ್ಬ ಎಸೆಯುತ್ತಿದ್ದನು, ವಿಕೆಟ್ ಬೀಳುವ ಭಯವಿತ್ತು, ತಡೆದು ಆಡುವ ಕೌಶಲವೂ ಬೇಕಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆತನು ಆ ಪಂದ್ಯವನ್ನು ಗೆದ್ದನು.

ರೋಸ್ ತನ್ನ ತಂಡದ ಶಕ್ತಿಯನ್ನು ಎಷ್ಟು ಕೀಳಾಗಿ ಎಣಿಸಿದ್ದನೆಂಬುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಯಲಾಯಿತು. 1875ರಲ್ಲಿ ಸ್ಥಾಪಿತವಾದಂದಿನಿಂದ ಒಂದು ಪ್ರಶಸ್ತಿಯನ್ನೂ ಕಾಣದಿದ್ದ ಸಾಮರ್‌ಸೆಟ್, ಆ ತಿಂಗಳ 8ರಂದು ಲಾರ್ಡ್ಸಿನಲ್ಲಿ, ರಿಚರ್ಡ್ಸನ 117 ರನ್ನುಗಳ ಮತ್ತು 29 ರನ್ನಿಗೆ 6 ವಿಕೆಟ್ ಕಿತ್ತ ಗಾರ್ನರನ ಬಲದಿಂದ ನಾರ್ಥಾಂಪ್ಟನ್‌ಷೈರನ್ನು ಸೋಲಿಸಿ ಜಿಲೆಟ್ ಕಪ್ಪನ್ನು ಗೆದ್ದಿತು. ಮರುದಿನ ನಾಟಿಂಗ್‌ಹ್ಯಾಮಿನಲ್ಲಿ ಜಾನ್ ಪ್ಲೇಯರ್ ಲೀಗನ್ನೂ ತನ್ನದಾಗಿಸಿಕೊಂಡಿತು. ಎರಡೂ ಪ್ರಶಸ್ತಿಗಳು ಬಂದಾಗ ತಂಡದ ನಾಯಕನಾಗಿದ್ದವನು ಬ್ರಯನ್ ರೋಸನೇ.