ನಿಧಾನದ ಲಯ: ಕಂಬಳದ ನೀರು, ಡೊಳ್ಳಿನ ಕೋಲು

2022ರಲ್ಲಿ ತೆರೆಕಂಡ ‘ಕಾಂತಾರ’ದ ಕಂಬಳವನ್ನು ನಮ್ಮಲ್ಲಿ ಹಲವರು ಮತ್ತೆ ಮತ್ತೆ ನೋಡಿದ್ದೇವೆ. ನಿರ್ದೇಶಕ ರಿಷಬ್ ಶೆಟ್ಟಿ ಮತ್ತು ಛಾಯಾಗ್ರಾಹಕ ಅರವಿಂದ್ ಎಸ್. ಕಶ್ಯಪ್ ಆ ಓಟವನ್ನು ಅಲ್ಲಲ್ಲಿ ನಿಧಾನಗೊಳಿಸಿದ್ದಾರೆ. ಚಿಮ್ಮುವ ಕೆಸರುನೀರು ಎಲ್ಲೂ ಸುಳ್ಳೆನಿಸುವುದಿಲ್ಲ. ಆದರೆ ನಮ್ಮ ರಾಜ್ಯೋತ್ಸವದಲ್ಲಿ ಮಗಳು ಮಾಡಿದ ಡೊಳ್ಳುಕುಣಿತವನ್ನು ನಾನೇ ಚಿತ್ರೀಕರಿಸಿ, ನಾಲ್ಕು ಪಟ್ಟು ನಿಧಾನಗೊಳಿಸಿ ಶಿವಮೊಗ್ಗಕ್ಕೆ ಕಳಿಸಿದಾಗ ಅಮ್ಮ ಹೇಳಿದ್ದು ಇಷ್ಟೇ: “ಕೂಸು ಕುಣೀತಿಲ್ಲ ಕಣೋ, ತೇಲ್ತಿದೆ.” ಈ ಲೇಖನ ಆ ಮಾತಿಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲು ಲೆಕ್ಕ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಅಂದರೆ ಸೆಕೆಂಡಿಗೆ ಸುಮಾರು 10.5 ಮೀಟರ್. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರದಿಂದ ಮುಂದಿನದಕ್ಕೆ ಓಟಗಾರ 42 ಸೆಂಟಿಮೀಟರ್ ಸರಿದಿರುತ್ತಾನೆ. ಅದನ್ನು ನಾಲ್ಕು ಪಟ್ಟು ನಿಧಾನಗೊಳಿಸಿದರೆ ಪ್ರತಿ ನಾಲ್ಕು ಚಿತ್ರಗಳಲ್ಲಿ ಮೂರನ್ನು ಎಲ್ಲಿಂದಲೋ ತರಬೇಕು. ಇದ್ದ ಚಿತ್ರವನ್ನೇ ನಾಲ್ಕು ಸಲ ತೋರಿಸಿದರೆ ಚಲನೆ ಕುಂಟುತ್ತದೆ. ಅಕ್ಕಪಕ್ಕದ ಎರಡನ್ನು ಬೆರೆಸಿದರೆ ನೆರಳು ಮೂಡುತ್ತದೆ. ತಂತ್ರಾಂಶ ಚಲನೆಯ ದಿಕ್ಕನ್ನು ಊಹಿಸಿ ಹೊಸ ಚಿತ್ರ ರಚಿಸಿದರೆ ನೋಟ ನುಣುಪಾಗುತ್ತದೆ, ಆದರೆ ಆ ಚಿತ್ರ ಊಹೆಯೇ. ನನ್ನ ವಿಡಿಯೊದಲ್ಲಿ ಕೋಲು ಡೊಳ್ಳಿನ ಮುಂದೆ ಹಾದುಹೋಗುವಾಗ ಚರ್ಮದೊಳಗೆ ಕರಗಿ, ಆಚೆ ಮತ್ತೆ ಮೂಡುತ್ತಿತ್ತು. ಬಡಿದ ಕ್ಷಣವೇ ಮಾಯ!

ಮಸುಕಿನದು ಇನ್ನೊಂದು ಕತೆ. 25 ಚಿತ್ರಗಳಿಗೆ ರೂಢಿಯಂತೆ ಷಟರ್ ಸೆಕೆಂಡಿನ 50ನೇ ಒಂದು ಭಾಗ ತೆರೆದಿರುತ್ತದೆ. ಅಷ್ಟರಲ್ಲಿ ಅದೇ ಓಟಗಾರ 21 ಸೆಂಟಿಮೀಟರ್ ಸಾಗಿರುತ್ತಾನೆ. ನಿಧಾನಗೊಳಿಸಿದ ದೇಹಕ್ಕೆ ವೇಗದ ದೇಹದ ಮಸುಕು ಅಂಟಿಕೊಂಡಿದ್ದರೆ ಕಣ್ಣು ಒಪ್ಪುವುದಿಲ್ಲ. ಸೆಕೆಂಡಿಗೆ 100 ಚಿತ್ರ ತೆಗೆದು 25ರಂತೆ ತೋರಿಸಿದರೆ ಪ್ರತಿ ಚಿತ್ರವೂ ನಿಜವಾದದ್ದು, ಮಸುಕೂ ತಕ್ಕಷ್ಟೇ. ‘ಕಾಂತಾರ’ದ ನೀರಹನಿಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುವುದರಲ್ಲೇ ನನಗೆ ಆ ನಂಬಿಕೆ ಸಿಕ್ಕಿತು.

ಆದರೂ ಅಮ್ಮನ ‘ತೇಲುವಿಕೆ’ಗೆ ಚಿತ್ರಗಳ ಕೊರತೆಯೊಂದೇ ಕಾರಣವಲ್ಲ. ಅರ್ಧ ವೇಗಕ್ಕೆ ಇಳಿಸಿದ ಜಿಗಿತದಲ್ಲಿ ಗುರುತ್ವ ನಾಲ್ಕನೇ ಒಂದು ಭಾಗದಷ್ಟು ಕಾಣುತ್ತದೆ. ಕಾಲು ವೇಗಕ್ಕೆ ಇಳಿಸಿದರೆ ಹದಿನಾರನೇ ಒಂದು. ಚಂದ್ರನ ಮೇಲೂ ಅದು ಸುಮಾರು ಆರನೇ ಒಂದು! ನನ್ನ ಮಗಳನ್ನು ನಾನು ಚಂದ್ರನಿಗಿಂತ ಹಗುರವಾದ ನೆಲದ ಮೇಲೆ ಕುಣಿಸಿದ್ದೆ. ಡೊಳ್ಳಿನ ಜೀವವಿರುವುದೇ ಭಾರದಲ್ಲಿ: ಹೆಗಲಿಗೆ ಬಿಗಿದ ವಾದ್ಯ, ನೆಲಕ್ಕೆ ಊರಿದ ಪಾದ, ಬಡಿತದ ಪೆಟ್ಟು. ಭಾರ ಹೋದರೆ ಕಲೆಯೂ ಹೋಯಿತು. ಕಂಬಳದ ನೀರು ನಿಧಾನವನ್ನು ತಾಳಿಕೊಳ್ಳುತ್ತದೆ, ಡೊಳ್ಳು ತಾಳದು.

ನಮ್ಮ ಸಿನಿಮಾಗಳು ನಾಯಕನ ನಡಿಗೆಯನ್ನು ನಿಧಾನಗೊಳಿಸಿ ವೈಭವ ತೋರಿಸುತ್ತವೆ. ನಾವೂ ಮಕ್ಕಳ ಕುಣಿತಕ್ಕೆ ಅದೇ ಉಡುಗೆ ತೊಡಿಸುತ್ತೇವೆ. ಸಿಂಗಪುರದಲ್ಲಿ ಇನ್ನೊಂದು ತೊಡಕೂ ಇದೆ: ಇಲ್ಲಿನ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋನಿನಲ್ಲಿ 240 ಚಿತ್ರ ತೆಗೆದರೆ ಆ ಮಿಣುಕು ಹಿಗ್ಗಿ ಇಡೀ ವೇದಿಕೆ ನಡುಗಿದಂತೆ ಕಾಣಬಹುದು.

ನನ್ನ ವಿನಂತಿ ಇಷ್ಟು. ಮೊದಲೇ ಯೋಚಿಸಿ 50 ಅಥವಾ 100 ಚಿತ್ರಗಳಲ್ಲಿ ತೆಗೆಯಿರಿ. ಒಂದು ತಿರುವು, ಒಂದು ನೋಟವನ್ನಷ್ಟೇ ನಿಧಾನಗೊಳಿಸಿ, ಬಡಿತವನ್ನು ಅದರ ವೇಗಕ್ಕೇ ಬಿಡಿ. ಮೂಲ ವಿಡಿಯೊ ಅಳಿಸಬೇಡಿ. ಊರಿನ ಕುಣಿತವನ್ನು ಪರದೆಯಲ್ಲೇ ಹೆಚ್ಚು ನೋಡಿ ಬೆಳೆಯುವ ನಮ್ಮ ಮಕ್ಕಳು, ತಂತ್ರಾಂಶ ಊಹಿಸಿದ ಕೈಯನ್ನೇ ನಿಜವೆಂದು ಕಲಿಯಬಾರದು. ನಾನು ಮೂಲ ವೇಗದ ವಿಡಿಯೊವನ್ನು ಅಮ್ಮನಿಗೆ ಮತ್ತೆ ಕಳಿಸಿದೆ. ಈ ಸಲ ಅವರು ಕೇಳಿದ್ದು, “ಅಷ್ಟು ಹೊತ್ತು ಹೊತ್ತುಕೊಂಡು ಕೂಸಿಗೆ ಹೆಗಲು ನೋಯಲಿಲ್ವೇನೋ?”