ಏರಿನ ಲೆಕ್ಕದಲ್ಲಿ ಬಿಟ್ಟುಹೋದದ್ದು

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಆಡಳಿತವು ಗಾಲಿಕುರ್ಚಿ ಬಳಸುವವರನ್ನೂ ಮಕ್ಕಳ ತಳ್ಳುಗಾಡಿಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಗುರುತಿಸಿರುವ ‘ಮೈಲ್ಸ್ ವಿತೌಟ್ ಸ್ಟೈಲ್ಸ್’ ಎಂಬ ಹಾದಿಗಳ ಸರಣಿಯನ್ನು ಪ್ರವಾಸ ಬರಹಗಾರರು ಮಾದರಿಯೆಂದು ಹೊಗಳುತ್ತ ಬಂದಿದ್ದಾರೆ. ಸ್ಟೈಲ್ ಎಂದರೆ ಹೊಲದ ಕಲ್ಲುಗೋಡೆಯನ್ನು ಮನುಷ್ಯರು ದಾಟಬಹುದಾದ, ಆದರೆ ಕುರಿಗಳು ದಾಟಲಾಗದ ಮೆಟ್ಟಿಲು. ಮಲೆನಾಡಿನವರು ತಡಬೆ ಎನ್ನುವುದು ಇದನ್ನೇ. ತಡಬೆಗಳಿಲ್ಲದ ಇಂಥ ಸುಮಾರು 50 ಹಾದಿಗಳು ಒಂದೇ ಗುಡ್ಡಗಾಡು ಪ್ರದೇಶದಲ್ಲಿ ಇರುವುದು ಸಣ್ಣ ಸಾಧನೆಯೇನಲ್ಲ. ಆದರೆ ಹೊಗಳಿಕೆಯೆಲ್ಲ ಈ ಸಂಖ್ಯೆಗೆ ಸಲ್ಲುತ್ತಿದೆಯೇ ಹೊರತು, ಹಾದಿಗಳನ್ನು ವಿಂಗಡಿಸಿದ ಕ್ರಮವನ್ನು ಯಾರೂ ಪರೀಕ್ಷಿಸಿದಂತೆ ಕಾಣುವುದಿಲ್ಲ. ಹಾದಿಗಳು ಒಳ್ಳೆಯವು, ಅವುಗಳಿಗೆ ಕೊಟ್ಟ ದರ್ಜೆ ನಂಬತಕ್ಕದ್ದಲ್ಲ ಎಂಬುದು ಈ ಲೇಖನದ ನಿಲುವು.

ನವೋದಯದ ಕಾಲದಿಂದಲೂ ಕನ್ನಡದ ಓದುಗರಿಗೆ ವರ್ಡ್ಸ್‌ವರ್ತ್‌ನ ಮೂಲಕ ಪರಿಚಿತವಾಗಿರುವ ಈ ಸರೋವರ ಪ್ರಾಂತ್ಯದ ಚರಿತ್ರೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಅದು 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಎಂಬಷ್ಟನ್ನು ನೆನೆದು ಮುಂದೆ ಸಾಗಬಹುದು.

ಆಡಳಿತವು ಹಾದಿಗಳನ್ನು ಮೂರು ದರ್ಜೆಗಳಲ್ಲಿ ಇಟ್ಟಿದೆ. ಮೊದಲನೆಯದು ‘ಎಲ್ಲರಿಗೂ’, ತಮ್ಮ ಗಾಲಿಕುರ್ಚಿಯನ್ನು ತಾವೇ ನಡೆಸುವವರೂ ಇದರಲ್ಲಿ ಸೇರುತ್ತಾರೆ, ನೆಲ ನುಣುಪಾಗಿರುತ್ತದೆ, ಏರು 1:10ನ್ನು ಮೀರುವುದಿಲ್ಲ. ಎರಡನೆಯದು ‘ಹಲವರಿಗೆ’, ಇಲ್ಲಿ ತಳ್ಳುವವರೊಬ್ಬರು ಜೊತೆಗಿರಬೇಕು, ಏರು 1:8ರ ತನಕ ಹೋಗಬಹುದು, ನಾಲ್ಕು ಸೆಂಟಿಮೀಟರಿನಷ್ಟು ಜಲ್ಲಿಯೂ ಸಿಗಬಹುದು. ಮೂರನೆಯದಾದ ‘ಕೆಲವರಿಗೆ’ ಎಂಬ ದರ್ಜೆ ಗಟ್ಟಿ ತೋಳಿನವರಿಗೂ ಗಟ್ಟಿ ವಾಹನದವರಿಗೂ ಮೀಸಲು. ಮೇಲುನೋಟಕ್ಕೆ ಇದು ಅಚ್ಚುಕಟ್ಟಾದ ವ್ಯವಸ್ಥೆಯೇ ಸರಿ. ತೊಡಕೆಲ್ಲ ಇರುವುದು ಮೊದಲ ದರ್ಜೆಯ ಆ 1:10 ಎಂಬ ಅಂಕಿಯಲ್ಲಿ.

ಹತ್ತು ಮೀಟರು ಮುಂದೆ ಸಾಗುವಷ್ಟರಲ್ಲಿ ಒಂದು ಮೀಟರು ಮೇಲೇರುವುದನ್ನು 1:10 ಎನ್ನುತ್ತಾರೆ. ಕುರ್ಚಿ ಮತ್ತು ಕುಳಿತವರ ಒಟ್ಟು ತೂಕ 90 ಕಿಲೋ ಎಂದಿಟ್ಟುಕೊಂಡರೆ, ಈ ಏರಿನಲ್ಲಿ ಚಕ್ರ ಹಿಂದಕ್ಕೆ ಜಾರದಂತೆ ಹಿಡಿದಿಡುವುದಕ್ಕೇ ಒಂಬತ್ತು ಕಿಲೋ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ ಬೇಕು, ಮುಂದೆ ಸಾಗಲು ಅದಕ್ಕೂ ಹೆಚ್ಚು. ಅದೂ ಒಂದೇ ಹಿಡಿತದಲ್ಲಿ ಮುಗಿಯುವ ಕೆಲಸವಲ್ಲ, ಏಕೆಂದರೆ ಚಕ್ರದ ಹೊರಬಳೆಯನ್ನು ಒಮ್ಮೆ ನೂಕಿ ಕೈಯನ್ನು ಹಿಂದಕ್ಕೆ ತರುವ ಕ್ಷಣದಲ್ಲಿ ಕುರ್ಚಿ ಜಾರತೊಡಗುತ್ತದೆ, ಮುಂದಿನ ನೂಕಿನ ಒಂದು ಭಾಗ ಆ ಜಾರನ್ನು ತಡೆಯುವುದಕ್ಕೇ ವೆಚ್ಚವಾಗುತ್ತದೆ. ಹೀಗಿರುವಾಗ ಏರು ಎಷ್ಟು ಕಡಿದು ಎಂಬುದರಷ್ಟೇ, ಅದು ಎಷ್ಟು ಉದ್ದ ಎಂಬುದೂ ಮುಖ್ಯ. ದರ್ಜೆಯ ಸೂತ್ರದಲ್ಲಿ ಉದ್ದಕ್ಕೆ ಜಾಗವೇ ಇಲ್ಲ. ಎರಡು ಮೀಟರಿನ 1:10 ಒಂದು ದೀರ್ಘ ಉಸಿರಿನ ಕೆಲಸವಾದರೆ, ಅರವತ್ತು ಮೀಟರಿನ 1:10 ಹೆಚ್ಚಿನವರ ಪಾಲಿಗೆ ಅಲ್ಲಿಗೇ ಪ್ರವಾಸದ ಮುಕ್ತಾಯ. ಸೂತ್ರದ ಕಣ್ಣಿಗೆ ಎರಡೂ ಒಂದೇ.

ಇದು ವಿಮರ್ಶಕರ ಅತಿನಿರೀಕ್ಷೆ ಎನ್ನುವವರು ಅದೇ ದೇಶದ ಕಟ್ಟಡ ನಿಯಮಗಳ ಮಾರ್ಗದರ್ಶಿಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಟ್ಟಡವೊಂದರ ಬಾಗಿಲಿಗೆ ಇಳಿಜಾರು ಕಟ್ಟುವಾಗ 1:12ರ ಏರು ಎರಡು ಮೀಟರಿಗಿಂತ ಉದ್ದವಿರಬಾರದು, ಹತ್ತು ಮೀಟರು ಉದ್ದ ಬೇಕಾದರೆ ಏರನ್ನು 1:20ಕ್ಕೆ ಇಳಿಸಬೇಕು ಎಂದು ಅದು ಹೇಳುತ್ತದೆ. ಅಲ್ಲಿ ಏರು ಮತ್ತು ಉದ್ದ ಒಂದಕ್ಕೊಂದು ಕಟ್ಟುಬಿದ್ದಿವೆ. ಭಾರತದ ಮಾರ್ಗಸೂಚಿಗಳು ಕೂಡ ಇಳಿಜಾರಿಗೆ 1:12ರ ಮಿತಿಯನ್ನೇ ಒಪ್ಪಿಕೊಂಡಿವೆ. ಗ್ರಂಥಾಲಯದ ಬಾಗಿಲಿನಲ್ಲಿ ಎರಡು ಮೀಟರಿಗೂ ಒಪ್ಪಿಗೆಯಾಗದ ಕಡಿದಾದ ಏರು ಸರೋವರದ ದಂಡೆಯಲ್ಲಿ ‘ಎಲ್ಲರಿಗೂ’ ಹೇಗೆ ಸಲ್ಲುತ್ತದೆ? ಗುಡ್ಡವನ್ನು ಕಟ್ಟಡದಂತೆ ಅಳೆಯಬಾರದು ಎಂಬ ಸಮಾಧಾನದಲ್ಲಿ ಸತ್ಯಾಂಶವಿದೆ, ಆದರೆ ಅದು ಗುಡ್ಡದ ಪರವಾದ ವಾದವೇ ಹೊರತು ಆ ದರ್ಜೆಯ ಪರವಾದ ವಾದವಲ್ಲ.

ಸೂತ್ರದ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಅಡ್ಡ ಇಳಿಜಾರು, ಅಂದರೆ ಮಳೆನೀರು ಹರಿದುಹೋಗಲೆಂದು ಹಾದಿಯನ್ನು ಒಂದು ಮಗ್ಗುಲಿಗೆ ವಾಲಿಸಿರುವುದು. ನಡೆಯುವವರ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಗಾಲಿಕುರ್ಚಿಯ ಮುಂಭಾಗದ ಎರಡು ಚಿಕ್ಕ ಗಾಲಿಗಳಾದರೋ ವಾಲಿದ ಕಡೆಗೇ ತಿರುಗಿಕೊಳ್ಳುತ್ತವೆ. ಸರೋವರ ಎಡಕ್ಕಿದ್ದು ಹಾದಿಯೂ ಎಡಕ್ಕೆ ವಾಲಿದ್ದರೆ ಕುಳಿತವರು ಎಡಗೈಯಿಂದಲೇ ಮತ್ತೆ ಮತ್ತೆ ನೂಕುತ್ತ, ಬಲಗೈಯಿಂದ ಬಲಚಕ್ರವನ್ನು ಬಿಗಿಹಿಡಿಯುತ್ತ, ನೀರಿನ ಕಡೆ ಕಣ್ಣೆತ್ತುವುದಕ್ಕೂ ಬಿಡುವಿಲ್ಲದೆ ಸಾಗಬೇಕಾಗುತ್ತದೆ. ಮಳೆ ಬಂದರಂತೂ ಹೊರಬಳೆ ಒದ್ದೆಯಾಗಿ ಇಳಿಜಾರಿನಲ್ಲಿ ಹಿಡಿತವೇ ಸಿಗುವುದಿಲ್ಲ. ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆಯಾಗುವ ಪ್ರದೇಶಕ್ಕೆ ರೂಪಿಸಿದ ಸೂತ್ರದಲ್ಲಿ ಮಳೆಯ ದಿನದ ಲೆಕ್ಕವಿಲ್ಲ ಎಂಬುದು ವಿಚಿತ್ರ.

‘ಎಲ್ಲರಿಗೂ’ ಎಂಬ ದರ್ಜೆಗೆ ನಿಜವಾಗಿ ತಕ್ಕ ಹಾದಿಯೊಂದು ಅಲ್ಲಿದೆ. ವಿಪರ್ಯಾಸವೆಂದರೆ ಅತಿ ಹೆಚ್ಚು ಬೈಗುಳ ತಿಂದದ್ದು ಅದೇ. ಕೆಸ್ವಿಕ್ ಪಟ್ಟಣದಿಂದ ಥ್ರೆಲ್‌ಕೆಲ್ಡ್‌ವರೆಗೆ ಗ್ರೇಟಾ ನದಿಯ ಜೊತೆಜೊತೆಗೆ ಸಾಗುವ ಈ ಹಾದಿ 1972ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲಿದೆ. ಉಗಿಬಂಡಿಗೆ ಕಡಿದಾದ ಏರು ಆಗಿಬರುವುದಿಲ್ಲವಾದ್ದರಿಂದ ಅಂದಿನ ಎಂಜಿನಿಯರುಗಳು ಗುಡ್ಡ ಕಡಿದು, ತಗ್ಗು ತುಂಬಿ ಮಾಡಿದ ಕೆಲಸ ಇಂದು ಗಾಲಿಕುರ್ಚಿಗೆ ಒದಗಿದೆ. 2015ರ ಡಿಸೆಂಬರಿನ ಡೆಸ್ಮಂಡ್ ಚಂಡಮಾರುತದಲ್ಲಿ, ಹೊನಿಸ್ಟರ್ ಕಣಿವೆಯಲ್ಲಿ 24 ಗಂಟೆಗೆ 341.4 ಮಿಲಿಮೀಟರ್ ಮಳೆ ಸುರಿದಾಗ, ಈ ಹಾದಿಯ ಸೇತುವೆಗಳು ಕೊಚ್ಚಿಹೋದವು. 2020ರ ಡಿಸೆಂಬರಿನಲ್ಲಿ ಅದು ಮತ್ತೆ ತೆರೆದಾಗ ಸೇತುವೆಗಳು ಹೊಸದಾಗಿದ್ದವು, ಹೂತುಹೋಗಿದ್ದ ಸುರಂಗವೊಂದು ಬಳಕೆಗೆ ಬಂದಿತ್ತು, ನೆಲಕ್ಕೆ ಡಾಂಬರು ಬಿದ್ದಿತ್ತು.

ಡಾಂಬರನ್ನು ಕಂಡು ನಿಸರ್ಗಪರ ವಿಮರ್ಶಕರು ಸಿಡಿದೆದ್ದರು. ಹಾದಿಯ ಹಳ್ಳಿತನ ಹೋಯಿತು, ಪಾರಂಪರಿಕ ತಾಣದ ಮಾನ್ಯತೆಗೇ ಕುಂದು ಬಂತು ಎಂಬ ಅವರ ವಾದವನ್ನು ಒಪ್ಪುವುದು ಕಷ್ಟ. ಅವರು ಉಳಿಸಬಯಸಿದ ಹಳ್ಳಿತನ ಕಬ್ಬಿಣದ ಹಳಿ ಹಾಸಿದ್ದ ಜಾಗದ್ದು. ಅದೇ ಪ್ರಾಂತ್ಯದಲ್ಲಿ ಕ್ಯಾಲೆಂಡರಿನ ಚಿತ್ರದಂತಿರುವ ಟಾರ್ನ್ ಹೌಸ್ ಎಂಬ ಕೊಳವೂ 19ನೆಯ ಶತಮಾನದಲ್ಲಿ ಒಡ್ಡು ಕಟ್ಟಿ ಸಣ್ಣ ಕೊಳಗಳನ್ನು ಒಂದುಗೂಡಿಸಿ ಮಾಡಿದ್ದು. ಅದನ್ನು ನಿಸರ್ಗವೆಂದು ಮೆಚ್ಚುವವರು ಮೂರು ಮೈಲಿ ನುಣುಪು ನೆಲವನ್ನು ಮಾತ್ರ ಕೃತಕವೆಂದು ದೂರುವುದು ರುಚಿಯ ಮಾತೇ ಹೊರತು ತತ್ತ್ವದ ಮಾತಲ್ಲ. 1844ರಲ್ಲಿ ವರ್ಡ್ಸ್‌ವರ್ತ್ ಕೂಡ ವಿಂಡರ್‌ಮಿಯರ್ ಕಡೆಗೆ ರೈಲು ಬರಬಾರದೆಂದು ಪತ್ರಿಕೆಗೆ ಬರೆದ. ಸೌಂದರ್ಯವನ್ನು ಸವಿಯಲು ಸಂಸ್ಕಾರ ಬೇಕು, ಗುಂಪು ಗುಂಪಾಗಿ ಬರುವವರಿಗೆ ಅದಿಲ್ಲ ಎಂಬುದು ಆ ವಾದದ ತಿರುಳು. ರೈಲು 1847ರಲ್ಲಿ ಬಂದೇ ಬಂತು. ಇದಕ್ಕೆ ವಿರುದ್ಧವಾದ ಪರಂಪರೆಯೂ ಆ ನೆಲದಲ್ಲಿದೆ: 1887ರಲ್ಲಿ ಕೆಸ್ವಿಕ್‌ನ ಜನ ಲ್ಯಾಟ್ರಿಗ್ ಗುಡ್ಡದ ಮುಚ್ಚಿದ ಕಾಲುದಾರಿಯನ್ನು ಸಾವಿರಾರು ಸಂಖ್ಯೆಯಲ್ಲಿ ಏರಿ ಬಿಡಿಸಿಕೊಂಡರು. ಆ ಗುಡ್ಡದ ನೋಟದ ನೆಲೆಗೆ ಇಂದು ಗಾಲಿಕುರ್ಚಿಯ ಹಾದಿಯಿದೆ. ಡಾಂಬರಿನ ವಿರೋಧಿಗಳ ಒಂದು ಮಾತನ್ನು ಮಾತ್ರ ಒಪ್ಪಬಹುದು: ನುಣುಪು ನೆಲದಲ್ಲಿ ಸೈಕಲ್ಲುಗಳ ವೇಗವೂ ಹೆಚ್ಚುತ್ತದೆ.

ಇನ್ನು ಹಾದಿಯನ್ನು ತಲುಪುವ ಬಗೆಯ ಬಗ್ಗೆಯೂ ದರ್ಜೆ ಮೌನವಾಗಿದೆ. ಕೆಸ್ವಿಕ್‌ಗೆ ಈಗ ರೈಲಿಲ್ಲ. ಪೆನ್ರಿತ್ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬೇಕು. 2000ದ ಬ್ರಿಟಿಷ್ ನಿಯಮಾವಳಿಯ ಪ್ರಕಾರ ಬಸ್ಸಿನಲ್ಲಿ ಕನಿಷ್ಠ ಒಂದು ಗಾಲಿಕುರ್ಚಿಯ ಸ್ಥಳ ಇದ್ದರೆ ಸಾಕು. ಒಂದೇ ಸ್ಥಳವಿರುವ ಬಸ್ಸಿನಲ್ಲಿ ಗಾಲಿಕುರ್ಚಿ ಬಳಸುವ ಗಂಡ ಹೆಂಡಿರು ಜೊತೆಯಾಗಿ ಹೊರಡುವಂತಿಲ್ಲ, ಅವರ ಹಾದಿಗೆ ಯಾವ ದರ್ಜೆ ಕೊಟ್ಟರೂ ಅಷ್ಟೇ. ಬೀಗ ಹಾಕಿದ ಅಂಗವಿಕಲರ ಶೌಚಾಲಯಗಳಿಗೆ ‘ರಾಡಾರ್ ಕೀ’ ಎಂಬ ದೇಶವ್ಯಾಪಿ ಬೀಗದಕೈ ಬೇಕು. ಅದನ್ನು ಹೊರಡುವ ಮುನ್ನವೇ ಕೊಂಡುಕೊಳ್ಳಬೇಕು.

ಬ್ರಿಟನ್ನಿನಲ್ಲಿ ನೆಲೆಸಿ, ಊರಿನಿಂದ ಬಂದ ತಂದೆತಾಯಿಯರನ್ನು ಸರೋವರಗಳ ಕಡೆಗೆ ಕರೆದೊಯ್ಯುವ ಕನ್ನಡಿಗರು ದರ್ಜೆಯನ್ನು ಬದಿಗಿಟ್ಟು ಹಾದಿಯ ನಕ್ಷೆಯನ್ನೇ ಓದುವುದು ಮೇಲು. ಮೊದಲ ದಿನಕ್ಕೆ ಥ್ರೆಲ್‌ಕೆಲ್ಡ್‌ನ ರೈಲುಹಾದಿಯನ್ನು ಇಟ್ಟುಕೊಳ್ಳಬೇಕು. ಟಾರ್ನ್ ಹೌಸ್‌ಗೆ ಹೋಗುವುದಾದರೆ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅಲ್ಲಿ ಒದಗಿಸುವ ಟ್ರ್ಯಾಂಪರ್ ಎಂಬ, ಒರಟು ನೆಲದ ಮೇಲೂ ಓಡುವ ಬ್ಯಾಟರಿ ವಾಹನವನ್ನು ಮುಂಚಿತವಾಗಿ ಕಾದಿರಿಸಬೇಕು. 1:10ರ ಏರು ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರು ಎಂದು ಉದ್ಯಾನದ ಕಚೇರಿಯನ್ನು ಕೇಳಿ ತಿಳಿದುಕೊಂಡೇ ಹೊರಡಬೇಕು.